ಹಳೆಯ ವ್ಯಾನಿನ ಎಣ್ಣೆಗೆ ಹೆಪ್ಪು

ಆಯುಧಪೂಜೆಗೆ ಎರಡು ದಿನ ಇರುವಾಗ ನಾನು ನಮ್ಮ ಕಾರ್ಖಾನೆಯ ಹಳೆಯ ವ್ಯಾನಿನ ಇಂಜಿನ್ನನ್ನು ಸೀಮೆಎಣ್ಣೆ ಹಾಕಿ ತೊಳೆದೆ. ಕೇಳಿದವರಿಗೆ ಇದರಲ್ಲಿ ಅಂಥ ಅಪರಾಧವೇನೂ ಕಾಣಿಸುವುದಿಲ್ಲ. ನನಗೂ ಆವತ್ತು ಕಾಣಿಸಲಿಲ್ಲ. ಹಬ್ಬಕ್ಕೆ ಲೇತು, ಡ್ರಿಲ್ಲು ಎಲ್ಲವನ್ನೂ ತೊಳೆದು ಒರೆಸಿ ಕುಂಕುಮ ಇಡುತ್ತಿದ್ದರು. ವ್ಯಾನಿಗೆ ಹೊರಗಿನ ಸ್ನಾನದ ಜೊತೆ ಒಳಗಿನ ಸ್ನಾನವೂ ಆಗಲಿ ಎಂದುಕೊಂಡೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬೊಮ್ಮನಹಳ್ಳಿ ದಾಟಿದ ಮೇಲೆ ಹೊಸೂರು ರಸ್ತೆಯಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆ ನಮ್ಮದು. ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಇಪ್ಪತ್ತು ಜನ ಹೆಂಗಸರಿದ್ದರು, ಬಹುಪಾಲು ಚಂದಾಪುರದ ಕಡೆಯವರು. ಅವರನ್ನು ಬೆಳಿಗ್ಗೆ ಕರೆತಂದು ಸಂಜೆ ಬಿಟ್ಟುಬರಲು ಇದ್ದದ್ದು ಈ ಒಂದೇ ವ್ಯಾನು. ಮಿಲಿಟರಿ ಹರಾಜಿನಲ್ಲಿ ಕೊಂಡದ್ದು, ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ನು, ವಯಸ್ಸಿನಲ್ಲಿ ಹೆಚ್ಚುಕಡಿಮೆ ನನ್ನ ಓರಗೆಯದು. ನಾನು ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿ ಸೇರಿ ಐದು ತಿಂಗಳಾಗಿತ್ತು. ಆರು ತುಂಬಿದರೆ ಕೆಲಸ ಕಾಯಂ. ಏನಾದರೂ ಮಾಡಿ ತೋರಿಸಬೇಕೆಂಬ ತುರಿಕೆ. ಸುಮ್ಮನೆ ಕೂತು ಊಟ ಮಾಡಿದ್ದು ಆ ದಿನಗಳಲ್ಲಿ ನನಗೆ ನೆನಪಿಲ್ಲ. "ನಿನ್ನ ಕಾಲಿಗೆ ಚಕ್ರ ಕಟ್ಟಿದ್ದಾರೆ ಕಣೋ" ಎಂದು ಅಮ್ಮ ಬೈಯುತ್ತಿದ್ದಳು.

ವ್ಯಾನಿನ ಡ್ರೈವರು ಬೇಗೂರಿನವರು. ಹರಾಜಿನ ಮೈದಾನದಿಂದ ವ್ಯಾನನ್ನು ಓಡಿಸಿಕೊಂಡು ಬಂದವರೇ ಅವರು. ನಿವೃತ್ತಿಗೆ ಇನ್ನು ಮೂರು ವರ್ಷ ಇತ್ತು. ಬೆಳಿಗ್ಗೆ ಇಂಜಿನ್ ಎಣ್ಣೆಯ ಅಳತೆಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಮೂಸಿ ನೋಡದೆ ಗಾಡಿ ಎತ್ತುತ್ತಿರಲಿಲ್ಲ. ಹಾಕುತ್ತಿದ್ದದ್ದು ಯಾವಾಗಲೂ ಅದೇ ಸಾದಾ ನಲವತ್ತು ನಂಬರಿನ ಎಣ್ಣೆ (ನಂಬರು ಏರಿದಷ್ಟೂ ಎಣ್ಣೆ ಮಂದ), ಅಂಗಡಿಯಲ್ಲಿ ಪೀಪಾಯಿಯಿಂದ ಬಿಡಿಯಾಗಿ ಅಳೆದುಕೊಡುವಂಥದ್ದು. ಎಣ್ಣೆ ಬದಲಿಸುವಾಗಲೂ ಹಳೆಯದನ್ನು ಪೂರ್ತಿ ಇಳಿಸುತ್ತಿರಲಿಲ್ಲ. ಏಳು ಲೀಟರಿನಲ್ಲಿ ಒಂದು ಲೀಟರು ಒಳಗೇ ಉಳಿಸಿ ತಳದ ಬಿರಡೆ ಮುಚ್ಚುತ್ತಿದ್ದರು.

"ಪೂರಾ ಇಳುಸ್ಬ್ಯಾಡಿ ಸಾರ್," ಎಂದು ಆವತ್ತು ನನಗೂ ಹೇಳಿದರು. "ಒಂದ್ ಲೀಟ್ರು ಒಳಗೇ ಬಿಡಿ. ಎಪ್ಪು ಬೇಕಲ್ಲ."

"ಹೆಪ್ಪಾ?"

"ಊಂ ಸಾರ್, ಹಾಲಿಗೆ ಎಪ್ಪು ಆಕಾಕಿಲ್ವ, ಅಂಗೆ. ಹಳೇ ಇಂಜಿನ್ನು. ಒಂದೇ ಕಿತ ಒಸಾ ಎಣ್ಣೆ ಉಯ್ದ್ರೆ ಅದ್ಕೆ ಗುರ್ತು ಸಿಕ್ಕಾಕಿಲ್ಲ."

ನಾನು ನಕ್ಕುಬಿಟ್ಟೆ. "ಹೆಪ್ಪು ಹಾಕಿ ಏನ್ರೀ, ಬೆಣ್ಣೆ ಕಡೀತೀರಾ?" ಎಂದೆ. ಅವರು ನಗಲಿಲ್ಲ. ಸೀಮೆಎಣ್ಣೆ ಹಾಕಿ ಇಂಜಿನ್ ಓಡಿಸಿದಾಗ ಮಾತ್ರ, "ವಯಸ್ಸಾದೋರ್ಗೆ ಬೇದಿಗ್ ಕೊಟ್ಟಂಗಾಯ್ತು," ಎಂದು ಗೊಣಗಿ ಆಚೆ ಹೋಗಿ ಬೀಡಿ ಹಚ್ಚಿದರು.

ನನ್ನ ಬಳಿ ಪುಸ್ತಕವಿತ್ತು. ಆ ಇಂಜಿನ್ ಹೊಸದಾಗಿದ್ದಾಗ ಮೂವತ್ತು ನಂಬರಿನ ಎಣ್ಣೆ ಹಾಕಬೇಕೆಂದು ಅದರಲ್ಲಿ ಬರೆದಿತ್ತು. ಅಷ್ಟು ಹೊತ್ತಿಗೆ ಮಾರುಕಟ್ಟೆಗೆ ಮಲ್ಟಿಗ್ರೇಡ್ ಬಂದಿತ್ತು: ತಣ್ಣಗಿದ್ದಾಗ ತೆಳ್ಳಗೆ ಹರಿಯುವುದು, ಕಾದಾಗಲೂ ನಲವತ್ತರ ಹಾಗೆ ಮಂದವಾಗಿ ನಿಲ್ಲುವುದು. ಒಳಗಿನ ಮಸಿ, ಜಿಡ್ಡುಗಳನ್ನು ಕರಗಿಸಿ ಬಿಡಿಸುವ ರಸಾಯನವೂ ಅದರಲ್ಲಿತ್ತು. ಸಾದಾ ಎಣ್ಣೆಯಲ್ಲಿ ಅದಿಲ್ಲ. ಅದರಲ್ಲಿ ಕೊಳೆ ತನ್ನಪಾಡಿಗೆ ತಳ ಸೇರಿ, ಗೋಡೆಗೆ ಅಂಟಿ ಕೂತಿರುತ್ತದೆ. ಇಷ್ಟು ವರ್ಷ ಕೂತದ್ದನ್ನು ಎಬ್ಬಿಸಿ ಓಡಿಸುವುದೇ ಒಳ್ಳೆಯದೆಂದು ನಾನು ತೀರ್ಮಾನಿಸಿದೆ. ಎದ್ದದ್ದು ಎಲ್ಲಿಗೆ ಹೋಗಿ ಕೂರುತ್ತದೆ ಎಂದು ಯೋಚಿಸಲಿಲ್ಲ. ಸೀಲು ಮಾಡಿದ ಹೊಳೆಯುವ ಡಬ್ಬಿಗಳನ್ನು ತರಿಸಿ ಏಳು ಲೀಟರನ್ನೂ ಸುರಿದೆ.

ಮೊದಲ ವಾರ ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಇಂಜಿನ್ನಿನ ಸದ್ದು ಮೆತ್ತಗಾಗಿತ್ತು. ಎರಡೇ ದಿನಕ್ಕೆ ಹೊಸ ಎಣ್ಣೆ ಕಾಡಿಗೆಯಂತಾಯಿತು. "ನೋಡಿ, ಕೊಳೆ ಹೆಂಗೆ ಬಿಡ್ತಾ ಇದೆ!" ಎಂದು ಡ್ರೈವರಿಗೆ ತೋರಿಸಿದೆ. ಅವರು ಉಜ್ಜಿ, ಮೂಸಿ, ಕೈಯನ್ನು ಬಟ್ಟೆಗೆ ಒರೆಸಿಕೊಂಡರು. "ಬಿಡ್ತಾ ಐತೆ. ಎಲ್ಲಿಗೋಯ್ತದೋ," ಎಂದರು. ಅವರ ಕೊರಗು ಹಾಗೇ ಎಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೆಯ ವಾರ ಮುಳ್ಳು ಇಳಿಯತೊಡಗಿತು. ಎಣ್ಣೆಯ ಒತ್ತಡ ತೋರಿಸುವ ಗಡಿಯಾರದ ಮುಳ್ಳದು. ಮೊದಲೆಲ್ಲ ಬಿಸಿಯಾಗಿ ಓಡುವಾಗ ನಲವತ್ತು ಪೌಂಡಿನ ಮೇಲೆ ನಿಲ್ಲುತ್ತಿದ್ದದ್ದು ಸಿಂಗಸಂದ್ರ ಬರುವ ಹೊತ್ತಿಗೆ ಇಪ್ಪತ್ತೈದಕ್ಕೆ ಬರುತ್ತಿತ್ತು. ನಾನು ಗಡಿಯಾರವನ್ನೇ ಬದಲಿಸಿದೆ. ಹೊಸ ಗಡಿಯಾರವೂ ಇಪ್ಪತ್ತೈದೇ ತೋರಿಸಿತು. ಒತ್ತಡ ಹೆಚ್ಚಾದರೆ ಎಣ್ಣೆಯನ್ನು ಹಿಂದಕ್ಕೆ ಬಿಡುವ ಒಂದು ಕವಾಟವಿದೆ. ಅದರ ಸ್ಪ್ರಿಂಗ್ ಸಡಿಲವಾಗಿರಬೇಕೆಂದು ಕೆಳಗೊಂದು ತೆಳು ವಾಷರ್ ಇಟ್ಟೆ. ಮುಳ್ಳು ಒಂದು ದಿನ ಏರಿತು, ಮರುದಿನ ಹದಿನೆಂಟಕ್ಕೆ ಕುಸಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗೆ ನಾನು ಸಿಕ್ಕಸಿಕ್ಕದ್ದಕ್ಕೆಲ್ಲ ಬರೆ ಹಾಕುತ್ತಿದ್ದೆ. ಇಷ್ಟರಲ್ಲಿ ಇಂಜಿನ್ನಿನ ಹಿಂತುದಿಯ ಸೀಲಿನಿಂದ ಎಣ್ಣೆ ಸೋರಲು ಶುರುವಾಯಿತು. ಸವೆದ ಸೀಲಿನ ಸಂದುಗಳನ್ನು ಮುಚ್ಚಿಕೊಂಡಿದ್ದದ್ದು ಅದೇ ಹಳೆಯ ಜಿಡ್ಡು. ಅದನ್ನು ಕರಗಿಸಿದ್ದು ನನ್ನ ಎಣ್ಣೆ. ಹಿಂದಿನಿಂದ ನೀಲಿ ಹೊಗೆಯೂ ಬರತೊಡಗಿತು.

ಮನೆಯಲ್ಲಿ ಹಾಲು ಉಕ್ಕುವ ಸದ್ದಾದರೂ ನನಗೆ ಇಂಜಿನ್ ನೆನಪಾಗುತ್ತಿತ್ತು. ಊಟದ ಬಿಡುವಿನಲ್ಲಿ ಮೂರು ಸಲ ಎದ್ದು ಹೋಗಿ ವ್ಯಾನಿನ ಅಡಿ ಬಗ್ಗಿ ನೋಡುತ್ತಿದ್ದೆ. ಎಣ್ಣೆ ಸೋರಿದ ಜಾಗಕ್ಕೆ ಮರಳು ಎರಚಿ ಮುಚ್ಚಿದ್ದೂ ಉಂಟು.

ಒಂದು ಬುಧವಾರ ಮ್ಯಾನೇಜರು ಹೊಗೆ ನೋಡಿ ವ್ಯಾನಿನ ಹತ್ತಿರ ಬಂದರು. ಒಳಗೆಲ್ಲ ತಡಕಾಡುತ್ತ ಅವರ ಕೈ ಡ್ರೈವರ್ ಸೀಟಿನ ಕೆಳಗೆ ಹೋದಾಗ ಒಂದು ಬಾಟಲಿ ಸಿಕ್ಕಿತು. ಒಳಗೆ ಸಾದಾ ನಲವತ್ತು ನಂಬರಿನ ಎಣ್ಣೆ. ಸೋರಿ ಕಡಿಮೆಯಾದಷ್ಟನ್ನು ಡ್ರೈವರು ದಿನವೂ ಕದ್ದುಮುಚ್ಚಿ ತಮ್ಮ ಹಳೆಯ ಎಣ್ಣೆಯಿಂದ ತುಂಬುತ್ತಿದ್ದರು.

"ಏನ್ರೀ ಇದು?" ಎಂದು ಮ್ಯಾನೇಜರು ಬಾಟಲಿ ಎತ್ತಿ ಹಿಡಿದರು. "ಅಷ್ಟು ಫಸ್ಟ್ ಕ್ಲಾಸ್ ಎಣ್ಣೆ ತರಿಸಿ ಕೊಟ್ರೆ ಅದಕ್ಕೆ ಈ ಚರಂಡಿ ನೀರು ಬೆರೆಸ್ತೀರಾ? ಇಂಜಿನ್ ಹಾಳಾಗ್ದೆ ಇನ್ನೇನಾಗುತ್ತೆ?"

ಡ್ರೈವರು ನನ್ನ ಮುಖ ನೋಡಿದರು. ನಾನು ಆಗ ಬಾಯಿ ಬಿಡಬೇಕಿತ್ತು. ಮುಳ್ಳು ಇಳಿಯಲು ಶುರುವಾದದ್ದು ಈ ಬಾಟಲಿ ಬರುವ ಮುಂಚೆಯೇ ಎಂದು ನನಗೆ ಗೊತ್ತಿತ್ತು. ಲಾಗ್‌ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇತ್ತು. ಕಾಯಂ ಆಗಲು ಉಳಿದದ್ದು ಎರಡು ವಾರ. ನಾನು ನೆಲ ನೋಡಿಕೊಂಡು ನಿಂತೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಡ್ರೈವರನ್ನು ಅಮಾನತು ಮಾಡಿ, ಗೇಟಿನೊಳಗೆ ಕಾಲಿಡಕೂಡದು ಎಂದರು. ಸೋಮವಾರ ಒಂಬತ್ತಕ್ಕೆ ವಿಚಾರಣೆ. ಬೆರಕೆ ಮಾಡಿ ಇಂಜಿನ್ ಕೆಡಿಸಿದ್ದು ಸಾಬೀತಾದರೆ ಕೆಲಸದಿಂದ ವಜಾ. ಅಲ್ಲಿಯವರೆಗೆ ವ್ಯಾನು ಓಡಿಸಲು ಲೈಸೆನ್ಸ್ ಇದ್ದವನು ನಾನೊಬ್ಬನೇ.

ಗುರುವಾರ ಬೆಳಿಗ್ಗೆ ಆ ಸೀಟಿನಲ್ಲಿ ಕೂತಾಗ ಮುಳ್ಳು ನೇರ ನನ್ನ ಎದೆಗೆ ಚುಚ್ಚಿಕೊಂಡಂತಿತ್ತು. ತಂತಿ ಸುತ್ತುವ ವಿಭಾಗದಲ್ಲಿ ಎಲ್ಲರಿಗಿಂತ ಹಿರಿಯಳು ಬೇಗೂರಿನ ಒಬ್ಬ ಹೆಂಗಸು. ಬೇಗೂರು ರಸ್ತೆ ಕೂಡುವಲ್ಲಿ ಹತ್ತಿ ಯಾವಾಗಲೂ ಡ್ರೈವರ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು, ಒಂದೇ ಊರಿನವರೆಂದು ಅವರನ್ನು ಅಣ್ಣ ಎನ್ನುತ್ತಿದ್ದಳು. ಆವತ್ತು ಹತ್ತಿದವಳೇ ಕೇಳಿದಳು.

"ನಮ್ಮಣ್ಣ ಎಲ್ಲಿ ಸಾರ್?"

"ಸೋಮವಾರ ಬರ್ತಾರೆ."

"ಇಂಗಂತ ನೀವ್ ಏಳ್ತೀರಾ, ಗೇಟ್ನಾಗೆ ಬ್ಯಾರೆ ಏಳ್ತವ್ರೆ. ಉಣ್ಣಾದು ಒಟ್ಟೆಗೆ ಸೇರ್ತಾ ಇಲ್ವಂತೆ ಅವ್ರಿಗೆ."

ಶುಕ್ರವಾರ ಸಂಜೆ ನನಗೊಂದು ಬುದ್ಧಿ ಹೊಳೆಯಿತು. ತೆಳು ಎಣ್ಣೆ ತಾನೇ ಸವೆದ ಬೇರಿಂಗಿನ ಸಂದಿನಿಂದ ಜಾರುತ್ತಿರುವುದು? ಮಂದದ್ದು ಹಾಕಿದರಾಯಿತು. ಐವತ್ತು ನಂಬರಿನದನ್ನು ತಂದು ತುಂಬಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಶನಿವಾರ ಬೆಳಿಗ್ಗೆ ಇಂಜಿನ್ ಎದ್ದಿತು, ಮುಳ್ಳು ಏಳಲಿಲ್ಲ. ನಾನು ಎಣಿಸಿದೆ: ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತೆಂಟಕ್ಕೆ ಬಂದಾಗ ಒದ್ದಾಡಿಕೊಂಡು ಮೇಲೆದ್ದಿತು. ಅಷ್ಟು ಹೊತ್ತು ಇಂಜಿನ್ ಒಣಗಂಟಲಲ್ಲಿ ತಿರುಗಿತ್ತು.

ಎಣ್ಣೆ ಬರೀ ತೆಳುವಾಗಿದ್ದರೆ ಮಂದದ್ದಕ್ಕೆ ಮುಳ್ಳು ಏರಬೇಕಿತ್ತು. ಇಲ್ಲಿ ಮಂದದ್ದು ಮೇಲಕ್ಕೇ ಬರುತ್ತಿಲ್ಲ. ಹಾಗಾದರೆ ಪಂಪಿಗೆ ಹೋಗುವ ದಾರಿಯಲ್ಲೇ ಏನೋ ಅಡ್ಡ ಕೂತಿದೆ. ಇಂಜಿನ್ನಿನ ಅಡಿಗೆ ಎಣ್ಣೆ ನಿಲ್ಲುವ ತೊಟ್ಟಿ, ಅಂದರೆ ಸಂಪಿನ ತಳದಲ್ಲಿ, ಪಂಪಿನ ಬಾಯಿಗೆ ಒಂದು ತಂತಿಬಲೆಯ ಜರಡಿ ಇರುತ್ತದೆ. ಚಂದಾಪುರದಿಂದ ಬರುವ ದಾರಿಯಲ್ಲಿ ಸ್ಟೀರಿಂಗ್ ಹಿಡಿದು ಇಷ್ಟನ್ನು ಲೆಕ್ಕ ಹಾಕಿದೆ. ನಾನು ಎಬ್ಬಿಸಿದ ಕೊಳೆ ಹೋಗಿ ಕೂತದ್ದು ಅಲ್ಲಿ.

ಶನಿವಾರ ಅರ್ಧ ದಿನ. ಎರಡು ಗಂಟೆಗೆ ಹೆಂಗಸರನ್ನೆಲ್ಲ ಚಂದಾಪುರಕ್ಕೆ ಬಿಟ್ಟೆ. ಮ್ಯಾನೇಜರು ಹೊರಡುವಾಗಲೇ ಹೇಳಿದ್ದರು: "ಏನಾದ್ರೂ ಆಗ್ಲಿ, ವ್ಯಾನ್ ಸೋಮವಾರ ಓಡ್ಬೇಕು. ಹೆಂಗಸರು ಬರದಿದ್ರೆ ಲೈನ್ ನಿಲ್ಲುತ್ತೆ." ವಾಪಸು ಬರುವಾಗ ವ್ಯಾನಿನಲ್ಲಿ ಬೇಗೂರಿನ ಹೆಂಗಸೊಬ್ಬಳೇ ಇದ್ದಳು, ಚಂದಾಪುರದ ನೆಂಟರ ಮನೆಗೆ ಏನೋ ಕೊಡಲು ಬಂದು ನನ್ನ ಜೊತೆಗೇ ಮರಳುತ್ತಿದ್ದಳು. ಅವಳನ್ನು ಊರ ಹತ್ತಿರ ಇಳಿಸೋಣವೆಂದು ಬೇಗೂರು ರಸ್ತೆಗೆ ತಿರುಗಿಸಿದೆ. ಅರ್ಧ ಮೈಲಿ ಹೋಗುವಷ್ಟರಲ್ಲಿ ಇಂಜಿನ್ನಿನ ಹೊಟ್ಟೆಯೊಳಗಿಂದ ಗಡುಸಾದ ಒಂದು ಬಡಿತ ಕೇಳಿಸಿತು. ಯಾರೋ ಒಳಗಿನಿಂದ ಬಾಗಿಲು ತಟ್ಟಿದ ಹಾಗೆ. ಮುಳ್ಳು ಐದರ ಮೇಲಿತ್ತು.

ಆ ಕ್ಷಣದ ಲೆಕ್ಕ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದು ಕೊಳಕು ಲೆಕ್ಕ. ಗಾಡಿ ತಿರುಗಿಸಿ ಒತ್ತಿದರೆ ಕಾರ್ಖಾನೆ ಹತ್ತು ನಿಮಿಷದ ದಾರಿ. ಅಷ್ಟರಲ್ಲಿ ಬೇರಿಂಗ್ ಕಚ್ಚಿಕೊಂಡು ಇಂಜಿನ್ ಒಡೆದುಹೋಗುತ್ತದೆ. ಒಡೆದ ಇಂಜಿನ್ನಿನ ಜರಡಿಯನ್ನು ಯಾರೂ ನೋಡುವುದಿಲ್ಲ. ಬಾಟಲಿ ಮ್ಯಾನೇಜರ ಮೇಜಿನ ಮೇಲಿದೆ. ಸೋಮವಾರ ಡ್ರೈವರು ಮನೆಗೆ, ನಾನು ಕಾಯಂ. ನಾನು ಏನೂ ಮಾಡಬೇಕಿಲ್ಲ, ಓಡಿಸಿದರೆ ಸಾಕು.

ಬಡಿತ ಮತ್ತೆ ಕೇಳಿಸಿತು. ಕೀಲಿ ತಿರುಗಿಸಿ ಇಂಜಿನ್ ಆರಿಸಿದೆ.

"ಯಾಕ್ ಸಾರ್, ನಿಲ್ಲುಸ್ಬುಟ್ರಿ?"

"ಅಕ್ಕಾ, ಊರಿಗೆ ಹೋಗಿ ನಿಮ್ಮಣ್ಣನ್ನ ಕರ್ಕೊಂಡ್ ಬನ್ನಿ. ನಾನೇ ಕರ್ದೆ ಅಂತ ಹೇಳಿ. ತಪ್ಪಾಯ್ತು ಅಂತಾನೂ ಹೇಳಿ."

ಮುಕ್ಕಾಲು ಗಂಟೆ ಕಳೆಯಿತು. ಆ ಮುಕ್ಕಾಲು ಗಂಟೆಯಲ್ಲಿ ನಾನು ವ್ಯಾನನ್ನು ನಲವತ್ತು ಸುತ್ತು ಸುತ್ತಿರಬೇಕು. ಬರುತ್ತಾರೋ ಇಲ್ಲವೋ ಎಂಬ ಅಳುಕು ಒಂದು ಕಡೆ, ಬಂದರೆ ಮುಖ ತೋರಿಸುವುದು ಹೇಗೆ ಎಂಬುದು ಇನ್ನೊಂದು ಕಡೆ. ಅವರು ಬಂದರು. ಒಬ್ಬರೇ ಅಲ್ಲ, ಒಂದು ಜೊತೆ ಎತ್ತು, ಮಿಣಿ ಹಗ್ಗ, ಹಗ್ಗ ಹಿಡಿಯಲು ತಮ್ಮನನ್ನೂ ಕರೆತಂದಿದ್ದರು. ನನ್ನನ್ನು ನೋಡದೆ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಬಡಿತಾ?"

"ಹೌದು."

"ಎಷ್ಟೊತ್ ಓಡುಸುದ್ರಿ ಆಮ್ಯಾಕೆ?"

"ಎರಡನೇ ಬಡಿತಕ್ಕೇ ಆರಿಸಿದೆ."

ಆಗ ನನ್ನ ಕಡೆ ತಿರುಗಿದರು. "ಅಂಗಾದ್ರೆ ಉಳ್ಕೊಂಡೈತೆ. ನಡೀರಿ."

ಆರು ಸಿಲಿಂಡರಿನ ಮಿಲಿಟರಿ ವ್ಯಾನು ಎರಡು ಎತ್ತುಗಳ ಹಿಂದೆ ಬೇಗೂರಿಗೆ ಮೆರವಣಿಗೆ ಹೋಯಿತು. ಕೆರೆ ಏರಿಯ ಹತ್ತಿರ ನಿಂತವರೆಲ್ಲ ನಕ್ಕರು. ಸ್ಟೀರಿಂಗ್ ಹಿಡಿದು ಕೂತಿದ್ದ ನನಗೂ ಎಷ್ಟೋ ದಿನಗಳ ಮೇಲೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು.

ಭಾನುವಾರ ಬೆಳಿಗ್ಗೆ ಅವರ ಮನೆ ಮುಂದಿನ ಹೊಂಗೆ ಮರದ ಕೆಳಗೆ ಸಂಪ್ ಇಳಿಸಿದೆವು. ಎಣ್ಣೆಯ ತಳದಲ್ಲಿ ಬೆರಳು ದಪ್ಪದ ಕರಿ ಕೆಸರು. ಜರಡಿ ರಾಗಿ ಅಂಬಲಿಯ ಮಡಕೆಯ ತಳ ಹಿಡಿದ ಹಾಗಿತ್ತು. ಒಂದು ಮೂಲೆಯಲ್ಲಿ ಎಂಟಾಣೆ ಅಗಲ ಜಾಗ ಬಿಟ್ಟು ಮಿಕ್ಕೆಲ್ಲ ಮುಚ್ಚಿಹೋಗಿತ್ತು. ಅಷ್ಟರ ಮೂಲಕ ಇಂಜಿನ್ ಉಸಿರಾಡಿತ್ತು. ಡ್ರೈವರು ಚಾಕುವಿನ ತುದಿಯಿಂದ ಅದನ್ನು ಕೆರೆಯಲು ಹೊರಟಾಗ ನಾನು ಕೈ ಹಿಡಿದೆ.

"ಬೇಡ. ಇದು ಹಿಂಗೇ ಇರ್ಲಿ. ನಾಳೆ ಬೇಕು."

ಅವರು ಚಾಕುವನ್ನು ಕೆಳಗಿಟ್ಟರು. "ಇದ್ನ ತೋರುಸುದ್ರೆ ನಿಮ್ ಕೆಲ್ಸ?"

"ನೋಡೋಣ."

ಬೇರಿಂಗುಗಳಲ್ಲಿ ನಾಲ್ಕನೆಯದು ಒರೆಸಿದಂತೆ ಸವೆದುಹೋಗಿತ್ತು. ಅದರ ಜೋಡಿಯನ್ನು ಎಲ್ಲಿಂದ ತರುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಅವರು ಒಳಗೆ ಹೋಗಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತಂದರು. ಹರಾಜಿನ ದಿನ ವ್ಯಾನಿನ ಸಾಮಾನು ಡಬ್ಬಿಯಲ್ಲಿ ಸಿಕ್ಕಿದ್ದ ಹೊಸ ಬೇರಿಂಗುಗಳು, ಜೊತೆಗೆ ಒಂದು ಹೊಸ ಜರಡಿ. ಅಕ್ಕಿ ಪೆಟ್ಟಿಗೆಯ ಹಿಂದೆ ಇಷ್ಟು ವರ್ಷ ಕಾಪಾಡಿಟ್ಟಿದ್ದರು. ಆ ಬೇರಿಂಗ್ ಕೂರುವಲ್ಲಿ ಗೀರು ಬಿದ್ದಿದ್ದ ಕ್ರ್ಯಾಂಕ್ ದಂಡದ ಕುತ್ತಿಗೆಗೆ ಉಜ್ಜುವ ತೆಳು ಎಮರಿ ಪಟ್ಟಿ ಸುತ್ತಿ, ಅದರ ಮೇಲೆ ದಾರ ಸುತ್ತಿ, ಆಚೆ ಅವರು ಈಚೆ ನಾನು ಮೊಸರು ಕಡೆದ ಹಾಗೆ ಎಳೆದೆವು. "ಬೆಣ್ಣೆ ಬತ್ತಾ ಐತಾ ಸಾರ್?" ಎಂದರು. ಹಬ್ಬದ ಮುಂಚಿನ ನನ್ನ ಮಾತನ್ನು ಅವರು ಮರೆತಿರಲಿಲ್ಲ.

ಆಮೇಲೆ ಉಳಿದದ್ದು ಎಣ್ಣೆಯ ಪ್ರಶ್ನೆ. ಪುಸ್ತಕದ ಮೂವತ್ತು ಹೊಸ ಇಂಜಿನ್ನಿಗೆ ಸರಿ, ಇಷ್ಟು ಸವೆದದ್ದಕ್ಕಲ್ಲ. ಐವತ್ತು ಬೆಳಿಗ್ಗೆ ಮೇಲೇರುವುದು ನಿಧಾನ. ಸಾದಾ ನಲವತ್ತೇ ಮುಂದುವರಿದರೆ ಕೊಳೆ ಮತ್ತೆ ಕೂರುತ್ತಲೇ ಹೋಗುತ್ತದೆ. ಸಂಪ್ ತೊಳೆದರೂ ಮೇಲಿನ ಕೊಳವೆಗಳಲ್ಲಿ, ಕವಾಟಗಳ ಮುಚ್ಚಳದಡಿಯಲ್ಲಿ ಇನ್ನೂ ಜಿಡ್ಡು ಇದ್ದೇ ಇತ್ತು. ಅದನ್ನು ಒಮ್ಮೆಲೇ ಎಬ್ಬಿಸಿದರೆ ಇದೇ ಕಥೆ. ಕೊಳೆ ಬಿಡಿಸುವುದು ತಪ್ಪಲ್ಲ, ಅವಸರ ತಪ್ಪು. ಡ್ರೈವರ ಹೆಪ್ಪಿಗೆ ಪುಸ್ತಕದಲ್ಲಿ ಆಧಾರವಿರಲಿಲ್ಲ. ಎಣ್ಣೆಗೆ ಗುರುತು ಗಿರುತು ಏನೂ ಇಲ್ಲ. ಆದರೆ ಆ ಒಂದು ಲೀಟರು ಪ್ರತಿ ಬದಲಾವಣೆಯನ್ನೂ ನಿಧಾನ ಮಾಡುತ್ತಿತ್ತು, ಈ ಮುದಿ ಇಂಜಿನ್ನಿಗೆ ಬೇಕಾದದ್ದು ಆ ನಿಧಾನವೇ.

"ಹೆಪ್ಪು ಹಾಕೋಣ, ಆದ್ರೆ ಉಲ್ಟಾ," ಎಂದೆ. "ಆರು ಲೀಟರು ನಿಮ್ಮ ನಲವತ್ತು. ಒಂದು ಲೀಟರು ಕೊಳೆ ಬಿಡಿಸೋ ಎಣ್ಣೆ, ಅದೂ ನಲವತ್ತೇ. ಮೂರು ವಾರಕ್ಕೆ ಬದಲಾಯಿಸೋದು, ಜರಡಿ ನೋಡೋದು. ಆಮೇಲೆ ಎರಡು ಲೀಟರು, ಹಿಂಗೆ ಏರಿಸ್ಕೊಂಡು ಹೋಗೋದು."

ಅವರು ಯೋಚಿಸಿ ತಲೆಯಾಡಿಸಿದರು. "ಒಸಾ ಸೊಸೇನ ಒಂದೊಂದೇ ಕೆಲ್ಸಕ್ಕೆ ಬಿಟ್ಟಂಗೆ. ಆಗ್ಲಿ ಬುಡಿ."

ಸೋಮವಾರ ಬೆಳಿಗ್ಗೆ ಹೆಂಗಸರನ್ನು ಕರೆತಂದ ಮೇಲೆ, ಒಂಬತ್ತಕ್ಕೆ, ಊಟದ ಡಬ್ಬಿ ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟೆ. ಡ್ರೈವರು ಬಾಗಿಲ ಬಳಿ ಟೋಪಿ ಹಿಡಿದು ನಿಂತಿದ್ದರು. ಮುಚ್ಚಳ ತೆಗೆದಾಗ ಮ್ಯಾನೇಜರು ಮೂಗು ಮುಚ್ಚಿಕೊಂಡರು.

"ಏನಿದು?"

"ಎಣ್ಣೆ ಜರಡಿ ಸಾರ್. ಇಂಜಿನ್ ಕೆಟ್ಟಿದ್ದು ಇದ್ರಿಂದ. ಹಬ್ಬಕ್ಕೆ ಸೀಮೆಎಣ್ಣೆಲಿ ತೊಳೆದು ಈ ಹೊಸ ಎಣ್ಣೆ ಹಾಕಿದ್ದು ನಾನು. ಇವರು ಬೇಡ ಅಂದಿದ್ರು. ಆ ಬಾಟ್ಲಿ ಇಲ್ದಿದ್ರೆ ಎಣ್ಣೆ ಖಾಲಿಯಾಗಿ ಎಂದೋ ಹೋಗಿರ್ತಿತ್ತು."

"ಬುಧವಾರ ಯಾಕ್ರೀ ಹೇಳ್ಲಿಲ್ಲ?"

"ಹೆದರಿದ್ದೆ ಸಾರ್."

ಮ್ಯಾನೇಜರು ಲಾಗ್‌ಪುಸ್ತಕ ಮುಂದೆ ತಳ್ಳಿದರು. ಈಗ ಹೇಳಿದ್ದನ್ನೇ ಬರೆದು ರುಜು ಹಾಕಿದೆ. ಡ್ರೈವರು ಹತ್ತಿರ ಬಂದು ಏನು ಬರೆದಿರಿ ಎಂದು ಕೇಳಿದರು. ಓದಿ ಹೇಳಿದೆ. ಪೆನ್ನು ಇಸಿದುಕೊಂಡು ನನ್ನ ರುಜುವಿನ ಕೆಳಗೆ ತಮ್ಮದನ್ನೂ ನಿಧಾನವಾಗಿ ಕೆತ್ತಿದರು. "ನಾನೂ ಕದ್ದು ಉಯ್ದಿದ್ನಲ್ಲ ಸಾರ್," ಎಂದು ಮ್ಯಾನೇಜರಿಗೆ ಹೇಳಿದರು. "ಏಳದೆ ಉಯ್ದಿದ್ದು ತೆಪ್ಪೇ."

ವಿಚಾರಣೆ ಅಲ್ಲಿಗೇ ನಿಂತಿತು. ಡ್ರೈವರು ಮರುದಿನದಿಂದ ಸೀಟಿಗೆ ಬಂದರು. ನನ್ನನ್ನು ಕಾಯಂ ಮಾಡುವುದನ್ನು ಇನ್ನು ಆರು ತಿಂಗಳು ಮುಂದೂಡಿದರು. ಆ ಆದೇಶ ಕೈಗೆ ಬಂದ ದಿನ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆರನೆಯ ಸಲ ಎಣ್ಣೆ ಬದಲಿಸುವ ಹೊತ್ತಿಗೆ ಯುಗಾದಿ ಹತ್ತಿರ ಬಂದಿತ್ತು. ಜರಡಿಯಲ್ಲಿ ಕೊಳೆ ಕಡಿಮೆಯಾಗುತ್ತ ಬಂದು, ಆ ಸಲ ಬೆರಳಾಡಿಸಿದರೆ ಬರೀ ತಂತಿ ತಾಕಿತು. ಮುಳ್ಳು ಮೂವತ್ತೆಂಟರ ಮೇಲೆ ನಿಲ್ಲುತ್ತಿತ್ತು. ಡ್ರೈವರು ಇಳಿಯುತ್ತಿದ್ದ ಎಣ್ಣೆಗೆ ಬೆರಳು ಹಿಡಿದು, ಉಜ್ಜಿ, ಮೂಸಿದರು.

"ಈ ಕಿತ ಪೂರಾ ಇಳ್ಸಿ ಸಾರ್. ಒಟ್ಟೆ ಕಿಲೀನಾಗೈತೆ. ನಿಮ್ ಎಣ್ಣೇನೇ ತುಂಬುಸ್ಬುಡಿ."

ಲೆಕ್ಕದ ಪ್ರಕಾರ ಅದೇ ಸರಿ. ನಾನೂ ಅದನ್ನೇ ಹೇಳಬೇಕೆಂದಿದ್ದೆ. ಎಣ್ಣೆಯ ಧಾರೆ ಸಣ್ಣದಾಗುತ್ತ ಬಂತು. ಇನ್ನೊಂದು ಲೀಟರು ಉಳಿದಿರಬಹುದು ಅನ್ನಿಸುವಾಗ ನನ್ನ ಕೈ ತಾನಾಗಿಯೇ ಹೋಗಿ ಬಿರಡೆಯನ್ನು ತಿರುಗಿಸಿ ಮುಚ್ಚಿತು.

ಡ್ರೈವರು ವ್ಯಾನಿನಡಿ ಬಗ್ಗಿ ನನ್ನ ಮುಖ ನೋಡಿದರು. "ಯಾಕ್ ಸಾರ್? ಭಯ ಬಿದ್ಬುಟ್ರಾ?"

"ಬಿದ್ದೆ," ಎಂದೆ.